ಕಾಮಾಲೆ ಎಲೆಮದ್ದಿನ ಬಗ್ಗೆ ಹಿಂದೆ ಬರೆದದ್ದನ್ನು ತಿದ್ದಬೇಕಾಗಿದೆ

ಮೊನ್ನೆ ಗುರುವಾರ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕೈ ತೊಳೀತಾ ಇದ್ದೆ, ಫೋನ್ ಬಂತು. ಹೊಳೆಯಾಚೆ ಊರಿನ ಹುಡುಗ, ಪರಿಚಯ ಅಷ್ಟಕ್ಕಷ್ಟೆ. "ಅಣ್ಣಾ, ಕಾಮಾಲೆಗೆ ಎಲೆಮದ್ದು ಕೊಡೋರ ನಂಬರ್ ಬೇಕಿತ್ತು. ನೀವು ಬರ್ದಿದ್ರಲ್ಲ, ಯಾರೋ ಕಳಿಸಿದ್ರು. ನಮ್ಮಪ್ಪಂಗೆ ಕಣ್ಣು ಹಳದಿ ಆಗಿದೆ."

ಜ್ವರ ಇದೆಯಾ ಅಂತ ಕೇಳಿದೆ. "ಐದು ದಿನದಿಂದ ಇದೆ." ಗದ್ದೆಗೆ ಇಳಿದಿದ್ರಾ? "ನಾಟಿ ಟೈಮು ಅಲ್ವಾ ಅಣ್ಣಾ, ದಿನಾ ಗದ್ದೇಲೇ." ಕಾಲಿನ ಮೀನಖಂಡ ನೋವು ಅಂತಾರಾ? ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹೌದು, ಮುಟ್ಟಕ್ಕೂ ಬಿಡಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ನಂಬರ್ ಕೊಡಲಿಲ್ಲ. ಈಗಲೇ ಒಂದು ಗಾಡಿ ಮಾಡ್ಕೊಂಡು ತಾಲೂಕು ಆಸ್ಪತ್ರೆಗೆ ಹೋಗು, ರಕ್ತ ಪರೀಕ್ಷೆ ಆಗ್ಲಿ, ಮದ್ದಿನ ಮಾತು ಆಮೇಲೆ ಅಂದೆ. ಅವನಿಗೆ ಬೇಜಾರಾಯ್ತು. "ಬರೆಯೋದು ಒಂದು, ಹೇಳೋದು ಒಂದು ಮಾಡ್ತೀರಲ್ಲಣ್ಣ" ಅಂತ ಫೋನ್ ಇಟ್ಟ.

ಅವನು ಅಂದಿದ್ದರಲ್ಲಿ ತಪ್ಪಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಪುಟದಲ್ಲಿ "ಮೂರು ದಿನದ ಎಲೆಮದ್ದು, ಕಾಮಾಲೆ ಮಾಯ" ಅಂತ ನಾನೇ ಬರೆದಿದ್ದೆ. ನಾನು ಬರೆದ ಅಡಿಕೆ ಕೊಳೆರೋಗದ ಟಿಪ್ಪಣಿಗಳನ್ನು ಓದಿದವರಿಗಿಂತ ಅದನ್ನು ಓದಿದವರೇ ಜಾಸ್ತಿ. ಈಗಲೂ ವಾಟ್ಸಾಪಿನಲ್ಲಿ ಓಡಾಡ್ತಾ ಇದೆ, ಕೆಲವು ಕಡೆ ನನ್ನ ಹೆಸರೂ ಇಲ್ಲದೆ. ಆಮೇಲೆ ನಮ್ಮ ಮನೆಯಲ್ಲೇ ಆದ ಒಂದು ಘಟನೆಯನ್ನು ಮಾತ್ರ ಬರೆದಿರಲಿಲ್ಲ. ನಾಚಿಕೆಯೋ ಅಳುಕೋ, ಎರಡು ಮಳೆಗಾಲ ಹಾಗೇ ಕಳೆದೆ. ಇವತ್ತು ಬರೀತೀನಿ. ಉದ್ದ ಆಗುತ್ತೆ, ಮಳೆ ಹೇಗೂ ಬಿಡ್ತಾ ಇಲ್ಲ, ಕೂತು ಓದಿ.

ಮೊದಲು ನನ್ನ ಹಳೇ ಅನುಭವ. ಪಿಯುಸಿ ಓದುವಾಗ ನನಗೆ ಕಾಮಾಲೆ ಆಗಿತ್ತು. ಹಾಸ್ಟೆಲ್ಲಿನ ನೀರಿನಿಂದ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು, ನಮ್ಮ ರೂಮಿನಲ್ಲೇ ಮೂರು ಜನಕ್ಕೆ ಬಂದಿತ್ತು. ಅಪ್ಪ ಮನೆಗೆ ಕರ್ಕೊಂಡು ಬಂದು, ಘಟ್ಟದ ಬುಡದ ಊರೊಂದರಲ್ಲಿ ಮದ್ದು ಕೊಡುವವರ ಹತ್ರ ಹೋದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿರು ಎಲೆಯ ಉಂಡೆಯನ್ನು ಹಾಲಿನಲ್ಲಿ ಕದಡಿ ಕೊಟ್ಟರು. ಮೂರು ದಿನ ಮದ್ದು, ನಲವತ್ತು ದಿನ ಪಥ್ಯ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಉಪ್ಪು ಕಮ್ಮಿ. ಗಂಜಿ, ಮಜ್ಜಿಗೆ, ಎಳನೀರು ಅಷ್ಟೆ. ದುಡ್ಡು ಕೇಳಲಿಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಬಂದೆವು. ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದೆ.

ಇದು ಸುಳ್ಳಲ್ಲ, ನನಗೆ ಗುಣವಾಗಿದ್ದು ನಿಜ. ಆ ನಿಜವೇ ಮುಂದೆ ನನ್ನನ್ನು ದಾರಿ ತಪ್ಪಿಸಿತು.

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ನನ್ನ ಭಾವ, ಅಕ್ಕನ ಗಂಡ, ನಲವತ್ತೆಂಟು ವರ್ಷ, ನಮ್ಮನ್ನೆಲ್ಲ ನಾಚಿಸುವ ಹಾಗೆ ಕೆಲಸ ಮಾಡೋ ಮನುಷ್ಯ. ತೋಟದ ಬಸಿಗಾಲುವೆಯಲ್ಲಿ ಹೂಳು ತುಂಬಿ ನೀರು ನಿಂತಿತ್ತು. ಆಳು ಸಿಗಲಿಲ್ಲ ಅಂತ ತಾವೇ ಬರಿಗಾಲಲ್ಲಿ ಇಳಿದು ಮೂರು ದಿನ ಹೂಳು ಎತ್ತಿದರು. ಹಿಮ್ಮಡಿ ಒಡೆದು ಸೀಳಿತ್ತು, ಮಳೆಗಾಲದಲ್ಲಿ ನಮ್ಮಲ್ಲಿ ಯಾರದು ಒಡೆದಿರಲ್ಲ ಹೇಳಿ. ಅದಾಗಿ ಎಂಟೋ ಹತ್ತೋ ದಿನಕ್ಕೆ ಒಮ್ಮೆಲೇ ಚಳಿಜ್ವರ, ತಲೆ ಸಿಡಿತ, ಮೀನಖಂಡ ಹಿಂಡಿದ ಹಾಗೆ ನೋವು. ಕೆಲಸ ಮಾಡಿದ ಮೈಕೈ ನೋವು ಅಂದ್ಕೊಂಡರು. ಅಂಗಡಿ ಮಾತ್ರೆ ನುಂಗಿದರು. ಅಕ್ಕ ಅಮೃತಬಳ್ಳಿ, ಕಾಳುಮೆಣಸು, ಶುಂಠಿ ಹಾಕಿ ಕಷಾಯ ಕೊಟ್ಟಳು. ನಾಲ್ಕನೇ ದಿನ ಕಣ್ಣು ಕೆಂಪಾಯ್ತು, ಗೀಜು ಏನೂ ಇರಲಿಲ್ಲ. ಐದನೇ ದಿನ ಹಳದಿ.

ಅಕ್ಕ ಫೋನ್ ಮಾಡಿದಳು. "ತಮ್ಮಾ, ಇವರಿಗೆ ಕಾಮಾಲೆ ಆದ ಹಾಗಿದೆ. ನಿಂಗೆ ಮದ್ದು ಕೊಟ್ಟಿದ್ರಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ನಾನು ಎರಡನೇ ಮಾತು ಆಡಲಿಲ್ಲ. ಜೀಪಿನಲ್ಲಿ ಕೂರಿಸಿಕೊಂಡು ಅದೇ ಊರಿಗೆ ಹೋದೆ. ನನಗೆ ಮದ್ದು ಕೊಟ್ಟ ಹಿರಿಯರು ಈಗಿಲ್ಲ, ಅವರ ಮಗ ಕೊಡ್ತಾರೆ. ಕಣ್ಣು ನೋಡಿದರು, ಉಗುರು ನೋಡಿದರು, ಮದ್ದು ಕೊಟ್ಟರು. ಜ್ವರದ ವಿಷಯ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಕಾಮಾಲೆ ಅಂತ ನಾವೇ ತೀರ್ಮಾನ ಮಾಡಿಕೊಂಡು ಹೋಗಿದ್ದೆವಲ್ಲ.

ಮೂರು ದಿನ ಮದ್ದು ಆಯ್ತು. ಭಾವನಿಗೆ ಮೂತ್ರ ಕಮ್ಮಿ ಆಗ್ತಾ ಬಂತು. ಪಥ್ಯದಲ್ಲಿ ನೀರು ಆಹಾರ ಕಮ್ಮಿ, ಅದಕ್ಕೇ ಇರಬೇಕು ಅಂದೆ. ಇದನ್ನು ಅಂದವನು ನಾನೇ, ಇನ್ನೊಬ್ಬರ ಮೇಲೆ ಹಾಕೋದಿಲ್ಲ. ಕೊನೇ ದಿನ ರಾತ್ರಿ ಏದುಸಿರು ಶುರುವಾಯ್ತು. ಬೆಳಗಿನ ಜಾವ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಅಲ್ಲಿದ್ದ ಡಾಕ್ಟರು ಸಣ್ಣ ಪ್ರಾಯದ ಹೆಣ್ಣುಮಗಳು. ಎರಡೇ ಪ್ರಶ್ನೆ ಕೇಳಿದರು. "ನೀರಿನಲ್ಲಿ ನಿಂತು ಕೆಲಸ ಮಾಡಿದ್ರಾ? ಮೀನಖಂಡ ನೋವಿತ್ತಾ?" ಆಮೇಲೆ ಇಲಿಜ್ವರ ಇರಬಹುದು ಅಂದರು. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಕಿಡ್ನಿ ಅಷ್ಟರಲ್ಲಿ ಕೈಕೊಟ್ಟಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾಲ್ಕು ಸಲ ಡಯಾಲಿಸಿಸ್, ಹತ್ತೊಂಬತ್ತು ದಿನ ಅಲ್ಲೇ. ಆ ವರ್ಷದ ಅಡಿಕೆಯನ್ನು ಮರದಲ್ಲೇ ಚೇಣಿಗೆ ಕೊಟ್ಟು ಮುಂಗಡ ತಂದು ಬಿಲ್ಲು ಕಟ್ಟಿದ್ದು. ಭಾವ ಬದುಕಿದರು. ಈಗ ತೋಟಕ್ಕೆ ಹೋಗ್ತಾರೆ, ಆದರೆ ಮೊದಲಿನ ದಮ್ಮಿಲ್ಲ. ಅಕ್ಕ ಇವತ್ತಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅಂದುಬಿಟ್ಟಿದ್ದರೇ ಚೆನ್ನಾಗಿತ್ತು ಅನ್ಸುತ್ತೆ.

ಇಲಿಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ಹೆಗ್ಗಣದ ಮೂತ್ರದಲ್ಲಿ ಅದರ ಬ್ಯಾಕ್ಟೀರಿಯಾ ಇರುತ್ತೆ. ದನ, ನಾಯಿ, ಹಂದಿ ಮೂತ್ರದಲ್ಲೂ ಇರಬಹುದು. ಗದ್ದೆ ನೀರಿಗೆ, ಕಾಲುವೆ ಕೆಸರಿಗೆ ಸೇರಿ, ಗಾಯ ಇರುವ ಅಥವಾ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದ ಮೂಲಕ, ಕಣ್ಣು ಬಾಯಿ ಮೂಲಕ ಒಳಗೆ ಹೋಗುತ್ತೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ ಜ್ವರ ಕಾಣಿಸುತ್ತೆ. ಬಹಳ ಜನಕ್ಕೆ ಸಾಧಾರಣ ಜ್ವರದ ಹಾಗೆ ಬಂದು ಹೋಗುತ್ತೆ. ಕೆಲವರಿಗೆ ಮಾತ್ರ ಲಿವರ್, ಕಿಡ್ನಿ, ಶ್ವಾಸಕೋಶ ಹಿಡಿಯುತ್ತೆ. ಆ ಕೆಲವರು ಯಾರು ಅಂತ ಮೊದಲ ದಿನ ಹೇಳೋಕಾಗಲ್ಲ. ಬೇಗ ಹೋದರೆ ಇದಕ್ಕೆ ಇರೋದು ದುಬಾರಿ ಔಷಧ ಏನಲ್ಲ, ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೇ ಆಂಟಿಬಯೋಟಿಕ್‌ಗಳು. ನಾವು ಕಳಕೊಂಡದ್ದು ದುಡ್ಡನ್ನಲ್ಲ, ದಿನಗಳನ್ನು.

ನನಗೆ ಬಂದಿದ್ದ ಕಾಮಾಲೆ ಬೇರೆ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಥರದ್ದು. ಅದಕ್ಕೆ ಆಸ್ಪತ್ರೆಯಲ್ಲೂ ವೈರಸ್ ಕೊಲ್ಲುವ ಮದ್ದು ಕೊಡಲ್ಲ. ವಿಶ್ರಾಂತಿ, ಹಗುರ ಊಟ, ಕೆಲವು ವಾರದಲ್ಲಿ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತೆ. ಅದರಲ್ಲಿ ಹಳದಿ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಬಿಟ್ಟಿರುತ್ತೆ. ಭಾವನಿಗೆ ಹಳದಿಯೂ ಇತ್ತು, ಜ್ವರವೂ ಇತ್ತು. ಅಷ್ಟು ವ್ಯತ್ಯಾಸ ನನಗೆ ಗೊತ್ತಿದ್ದಿದ್ದರೆ ಸಾಕಿತ್ತು.

ಈಗ ನಾವು ರೈತರು ಯೋಚನೆ ಮಾಡಬೇಕಾದ ವಿಷಯಕ್ಕೆ ಬರ್ತೀನಿ.

ಮೂರು ವರ್ಷದ ಹಿಂದೆ ಕೊಳೆರೋಗಕ್ಕೆ ಅಂತ ಒಂದು ಹೊಸ ದ್ರಾವಣ ಮಾರೋಕೆ ಬಂದಿದ್ದರು. ತೋಟಕ್ಕೆಲ್ಲ ಹೊಡೆಸಿದೆ, ಆದರೆ ಮೂಲೆಯಲ್ಲಿ ನಲವತ್ತು ಮರಕ್ಕೆ ಮಾತ್ರ ನಮ್ಮ ಹಳೇ ಬೋರ್ಡೋ, ಅದರ ಪಕ್ಕ ಹತ್ತು ಮರಕ್ಕೆ ಏನೂ ಇಲ್ಲ. ಆ ವರ್ಷ ಮಳೆ ಕಮ್ಮಿ. ಹೊಸ ದ್ರಾವಣದ ಮರದಲ್ಲೂ ಕೊಳೆ ಇಲ್ಲ, ಬೋರ್ಡೋ ಮರದಲ್ಲೂ ಇಲ್ಲ, ಏನೂ ಹೊಡೆಯದ ಮರದಲ್ಲೂ ಇಲ್ಲ. ಆ ಹತ್ತು ಮರ ಬಿಡದೇ ಇದ್ದಿದ್ದರೆ "ಅದ್ಭುತ ಫಲಿತಾಂಶ" ಅಂತ ಇಲ್ಲಿ ಬರೆದೇ ಬರೀತಿದ್ದೆ. ಮಳೆ ಮಾಡಿದ ಕೆಲಸಕ್ಕೆ ಕಂಪನಿ ಬಾಟ್ಲಿಗೆ ಹೆಸರು ಬರ್ತಿತ್ತು.

ನಮ್ಮ ಮೈಗೆ ಮದ್ದು ಮಾಡುವಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೆ? ನನ್ನ ಕಾಮಾಲೆಯಲ್ಲಿ ಹೊಡೆಯದೆ ಬಿಟ್ಟ ಮರ ಯಾವುದಿತ್ತು? ಹಾಸ್ಟೆಲ್ಲಿನ ಆ ಇನ್ನಿಬ್ಬರು ಎಲೆಮದ್ದು ತಗೊಂಡಿರಲೇ ಇಲ್ಲ, ಅವರಿಗೂ ಗುಣವಾಗಿತ್ತು. ಮೂವತ್ತು ವರ್ಷ ನನಗೆ ಅವರ ನೆನಪೇ ಬರಲಿಲ್ಲ. ಎಲೆಮದ್ದು ತಗೊಂಡು ಗುಣವಾದವರು ಊರೆಲ್ಲ ಹೇಳ್ತಾರೆ, ತಗೊಳ್ಳದೆ ಗುಣವಾದವರು ಯಾರಿಗೂ ಹೇಳಲ್ಲ. ತಗೊಂಡು ಹೋದವರಂತೂ ಬಂದು ಹೇಳೋ ಹಾಗಿಲ್ಲ.

ಹಾಗಂತ ಎಲೆಯಲ್ಲಿ ಏನೂ ಇಲ್ಲ ಅಂತ ನಾನು ಹೇಳಲ್ಲ. ಕಾಮಾಲೆಗೆ ನಮ್ಮ ಕಡೆ ಹೆಚ್ಚಾಗಿ ಬಳಸೋದು ನೆಲನೆಲ್ಲಿ. ನಮ್ಮ ಅಂಗಳದಲ್ಲೇ ಬೀಳುವ ಕಳೆ. ಅದರ ಜಾತಿಯ ಗಿಡವನ್ನು ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದವರಿಗೆ ಕೊಟ್ಟು ನೋಡಿದ್ದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ಮದ್ದು ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಗಿತ್ತು. ಹುಸಿಮದ್ದು ಕೊಟ್ಟ 23 ಜನರಲ್ಲಿ ಒಬ್ಬರಿಗೆ ಮಾತ್ರ. ದೊಡ್ಡ ಸುದ್ದಿಯೇ ಆಯ್ತು. ಆದರೆ ಆಮೇಲೆ ಬೇರೆಯವರು ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನೆಲನೆಲ್ಲಿಗೆ ಇದರಿಂದ ಅವಮಾನ ಏನಿಲ್ಲ. ಒಂದು ತೋಟದಲ್ಲಿ ಬಂದ ಫಸಲು ಇನ್ನೊಂದರಲ್ಲಿ ಬರದೇ ಇದ್ದಾಗ ನಾವೂ ಮತ್ತೆ ನೋಡ್ತೀವಲ್ಲ, ಹಾಗೆ.

"ಸೊಪ್ಪು ತಾನೆ, ಗುಣ ಆಗದಿದ್ರೂ ಕೆಡುಕಂತೂ ಇಲ್ಲ" ಅನ್ನೋ ಮಾತು ನಿಮ್ಮ ಮನೆಯಲ್ಲೂ ಕೇಳಿರ್ತೀರಿ. ಕಾಸರಕವೂ ಸೊಪ್ಪೇ, ದತ್ತೂರಿಯೂ ಸೊಪ್ಪೇ, ಅವು ವಿಷ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಮುಟ್ಟಲ್ಲ. ಗೊತ್ತಿಲ್ಲದ್ದು ಈಶ್ವರಿ ಬಳ್ಳಿಯ ವಿಷಯ. ವಿಷಕ್ಕೆ, ಹೊಟ್ಟೆನೋವಿಗೆ ಅಂತ ಅದರ ಬೇರು ತೇದು ಕುಡಿಸೋದು ನಮ್ಮಲ್ಲಿ ಹಿಂದಿನಿಂದ ಇದೆ. ಅದರ ಜಾತಿಯ ಗಿಡಗಳಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತೆ, ಕ್ಯಾನ್ಸರ್ ತರುತ್ತೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಅಂತ ಕೊಟ್ಟ ಗಿಡಮೂಲಿಕೆ ಮಾತ್ರೆಯಲ್ಲಿ ಈ ಜಾತಿಯ ಗಿಡ ಸೇರಿ ಹಲವಾರು ಹೆಂಗಸರ ಕಿಡ್ನಿ ಹೋದ ಮೇಲೆ ಇದು ಲೋಕಕ್ಕೆಲ್ಲ ಗೊತ್ತಾಯ್ತು. ಇದರ ತೊಂದರೆ ಕುಡಿದ ದಿನ ಗೊತ್ತಾಗಲ್ಲ, ವರ್ಷಗಳ ಮೇಲೆ ಕಾಣುತ್ತೆ. ನಮ್ಮಜ್ಜಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ನಮಗೆ ಇದೆ.

ಮನೆಮದ್ದು ನಾನು ಬಿಟ್ಟಿಲ್ಲ. ನೆಗಡಿಗೆ ದೊಡ್ಡಪತ್ರೆ, ಗಂಟಲಿಗೆ ಶುಂಠಿ ಕಷಾಯ, ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ. ಇವುಗಳಿಗೆ ಪೇಟೆಗೆ ಓಡೋದು ನನ್ನಿಂದ ಆಗಲ್ಲ. ದನಗಳಿಗಂತೂ ಒಂದು ಮದ್ದನ್ನು ಧೈರ್ಯವಾಗಿ ಹೇಳ್ತೀನಿ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಬೇಕು. ಓಕುಳಿಯ ಹಾಗೆ ಕೆಂಪಾಗುತ್ತೆ. ಕೆಚ್ಚಲಲ್ಲಿರುವ ಹಾಲು ಪೂರ್ತಿ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಮದ್ದನ್ನು ನೀರಲ್ಲಿ ಕದಡಿ ಹಚ್ಚಬೇಕು, ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೇ ಇದನ್ನು ಊರೂರಿಗೆ ಹೇಳ್ತಾ ಇದ್ದಾರೆ. ನಮ್ಮ ಕೊಟ್ಟಿಗೆಯಲ್ಲಿ ಮೂರು ಸಲ ಮಾಡಿದೆ. ಎರಡು ಸಲ ಹಾಲಿನ ಗಡ್ಡೆ ನಿಂತು ಬಾವು ಇಳಿಯಿತು. ಮೂರನೇ ಸಲ ಹಸು ಮೇವು ಬಿಟ್ಟು ಮೈ ಬಿಸಿ ಆಯ್ತು, ಅವತ್ತೇ ಪಶುವೈದ್ಯರನ್ನು ಕರೆಸಿದೆ.

ಆ ಮದ್ದಿಗೂ ಕಾಮಾಲೆ ಎಲೆಮದ್ದಿಗೂ ವ್ಯತ್ಯಾಸ ನೋಡಿ. ಇದರಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ಗ್ರಾಂ, ಎಷ್ಟು ದಿನ ಅಂತ ಲೆಕ್ಕ ಇದೆ. ಆಗ್ತಾ ಇದೆಯೋ ಇಲ್ಲವೋ ಹಾಲು ನೋಡಿದರೆ ತಿಳಿಯುತ್ತೆ. ಯಾವಾಗ ಕೈಬಿಟ್ಟು ಡಾಕ್ಟರನ್ನು ಕರೀಬೇಕು ಅಂತಲೂ ಗೊತ್ತು. ಹಸುವಿಗೆ ಇಷ್ಟೆಲ್ಲ ನೋಡಿದ ನಾನು ಭಾವನಿಗೆ ಇದರಲ್ಲಿ ಒಂದನ್ನೂ ನೋಡಲಿಲ್ಲ.

ಮದ್ದು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಭಾವ ಮನೆಗೆ ಬಂದ ಮೇಲೆ ಅವರ ಹತ್ರ ಹೋಗಿ ನಡೆದಿದ್ದು ಹೇಳಿದೆ. ಜಗಳ ಆಗಬಹುದು ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ನಮ್ಮಪ್ಪ ಜ್ವರ ಇದ್ದವರಿಗೆ ಮದ್ದು ಕೊಡ್ತಿರಲಿಲ್ಲ. ಮೊದಲು ಮೈ ಮುಟ್ಟಿ ನೋಡ್ತಿದ್ರು. ಬಿಸಿ ಇದ್ರೆ, ಇದು ನನ್ನ ಕೈಯಲ್ಲಿ ಆಗೋದಲ್ಲ ಅಂತ ವಾಪಸ್ ಕಳಿಸ್ತಿದ್ರು. ನಾನು ಮದ್ದು ಕಲಿತೆ, ಅದನ್ನ ಕಲೀಲಿಲ್ಲ" ಅಂದರು. ಈಗ ಅವರು ಜ್ವರ ಕೇಳ್ತಾರೆ, ರಕ್ತದ ರಿಪೋರ್ಟ್ ತನ್ನಿ ಅಂತಾರೆ. ಬಂದವರಲ್ಲಿ ಅರ್ಧ ಜನ ಅದಕ್ಕೇ ಬೇಜಾರು ಮಾಡ್ಕೊಂಡು ಬೇರೆ ಕಡೆ ಹೋಗ್ತಾರಂತೆ.

ಹಳೇ ವೈದ್ಯರಿಗೆ ಮದ್ದಿನ ಜೊತೆಗೆ ಅದರ ಗಡಿಯೂ ಗೊತ್ತಿತ್ತು. ನಾವು ಎಲೆಯ ಹೆಸರು ಉಳಿಸಿಕೊಂಡೆವು, ಗಡಿ ಮರೆತೆವು. ಸಂಪ್ರದಾಯ ಉಳಿಸಬೇಕು ಅನ್ನೋರು ಮೊದಲು ಉಳಿಸಬೇಕಾದ್ದು ಆ "ನನ್ನ ಕೈಯಲ್ಲಿ ಆಗೋದಲ್ಲ" ಅನ್ನೋ ಮಾತನ್ನು.

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡ್ತಾ ಇದ್ದೀವಿ. ನಿಮಗೆ ಸರಿ ಕಂಡರೆ ನೀವೂ ಮಾಡಿ.

1. ಮಳೆಗಾಲದಲ್ಲಿ ಗದ್ದೆ, ಕಾಲುವೆ, ಕೊಟ್ಟಿಗೆ ಕೆಲಸ ಮಾಡಿದವರಿಗೆ ಜ್ವರ ಬಂದು ಮೀನಖಂಡ ನೋವು ಅಥವಾ ಕಣ್ಣು ಕೆಂಪು ಇದ್ದರೆ ಕಷಾಯ ಕುಡಿದು ಕಾಯೋದಿಲ್ಲ. ಅವತ್ತೇ ಆಸ್ಪತ್ರೆ. "ನೀರಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ನಾವಾಗೇ ಹೇಳಬೇಕು, ಅವರು ಕೇಳಲಿ ಅಂತ ಕಾಯಬಾರದು.

2. ಹಳದಿ ಕಂಡರೆ ಮೊದಲು ರಕ್ತ ಪರೀಕ್ಷೆ, ಜ್ವರ ಇರಲಿ ಬಿಡಲಿ. ಹಳದಿ ಅನ್ನೋದು ಒಂದು ಲಕ್ಷಣ, ಅದರ ಹಿಂದೆ ಹತ್ತು ಕಾಯಿಲೆ ಇರಬಹುದು. ಪಿತ್ತನಾಳದ ಕಲ್ಲಿನಿಂದಲೂ ಹಳದಿ ಆಗುತ್ತೆ.

3. ಮೂತ್ರ ಕಮ್ಮಿ ಆದರೆ, ಉಸಿರು ಕಟ್ಟಿದರೆ, ಮಾತು ತಡವರಿಸಿದರೆ, ಎಲ್ಲಿಂದಾದರೂ ರಕ್ತ ಬಂದರೆ ರಾತ್ರಿ ಹಗಲು ನೋಡಬಾರದು.

4. ಎಲೆಮದ್ದು ತಗೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬಾರದು. ಬೈದರೆ ಬೈಸಿಕೊಳ್ಳೋಣ. ಏನು ಸೇರಿಸಿದ್ದು ಅಂತ ಹೇಳದ ಗುಟ್ಟಿನ ಮದ್ದನ್ನು ನಮ್ಮ ಮನೆಯಲ್ಲಿ ಈಗ ಯಾರೂ ನುಂಗಲ್ಲ.

5. ಹಾವು ಕಚ್ಚಿದರೆ ಬೇರು, ಮಂತ್ರ, ಕಲ್ಲು ಏನೂ ಬೇಡ, ಬಿಗಿಯಾಗಿ ಕಟ್ಟೋದೂ ಬೇಡ. ಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆ. ವಿಷ ಇಲ್ಲದ ಹಾವೇ ಹೆಚ್ಚು, ವಿಷದ ಹಾವು ಕಚ್ಚಿದರೂ ಕೆಲವು ಸಲ ವಿಷ ಬಿಟ್ಟಿರಲ್ಲ. ಹಾವಿನ ಮದ್ದಿಗೆ ಹೆಸರು ಬಂದಿದ್ದೂ ನನ್ನ ಕೊಳೆರೋಗದ ದ್ರಾವಣಕ್ಕೆ ಬರಬೇಕಿದ್ದ ಹಾಗೆಯೇ.

6. ಕಾಲುವೆಗೆ ಇಳಿಯುವಾಗ ಗಮ್ ಬೂಟು. ಗಾಯ ಇದ್ದರೆ ಮುಚ್ಚಿಕೊಂಡು ಇಳಿಯೋದು, ಕೆಲಸ ಆದ ಮೇಲೆ ಸೋಪು ಹಾಕಿ ತೊಳೆಯೋದು. ಜೀವಾಮೃತ ಕಲಸುವವರು ಕೈಯಲ್ಲಿ ಗಾಯ ಇದ್ದರೆ ಕೋಲು ಬಳಸಿ, ದನದ ಮೂತ್ರದ ವಿಷಯ ಮೇಲೆ ಹೇಳಿದ್ದೀನಿ. ಮುರುಗಲ ತುಪ್ಪ ರಾತ್ರಿ ಹಚ್ಚಿ ಮಲಗಿ, ಹಿಮ್ಮಡಿ ಕೂಡಿಕೊಳ್ಳಲಿ, ಆದರೆ ಅದು ಬೂಟಿನ ಕೆಲಸ ಮಾಡಲ್ಲ. ನೀರಲ್ಲೇ ದಿನಗಟ್ಟಲೆ ಕೆಲಸ ಇರುವವರು ಮುಂಜಾಗ್ರತೆಗೆ ಮಾತ್ರೆ ಬೇಕಾ ಅಂತ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಎಲೆಮದ್ದಿನ ಹಳೇ ಬರಹ ಇವತ್ತು ತೆಗೆದು ಹಾಕಿದ್ದೀನಿ. ನಿಮ್ಮ ಫೋನಿನಲ್ಲಿ ಇದ್ದರೆ ಅಳಿಸಿ, ನೀವು ಯಾರಿಗೆ ಕಳಿಸಿದ್ದಿರೋ ಅವರಿಗೆ ಇದನ್ನು ಕಳಿಸಿ.

ಹೊಳೆಯಾಚೆ ಹುಡುಗ ಗುರುವಾರ ರಾತ್ರಿ ಮೆಸೇಜ್ ಹಾಕಿದ್ದ. ಸಿಟ್ಟಿನಲ್ಲೇ ಅಪ್ಪನನ್ನು ಕರ್ಕೊಂಡು ಹೋಗಿದ್ದನಂತೆ. ಇಲಿಜ್ವರವೇ. ಕಿಡ್ನಿಗೆ ಇನ್ನೂ ಹೋಗಿಲ್ಲ, ಇಂಜೆಕ್ಷನ್ ಶುರು ಮಾಡಿದ್ದಾರೆ. ನಿನ್ನೆ ಮತ್ತೆ ಫೋನ್ ಮಾಡಿದ್ದ, ಅಪ್ಪ ಗಂಜಿ ಉಂಡರು, ನಾಟಿ ಅರ್ಧಕ್ಕೇ ನಿಂತಿದೆ, ಇಬ್ಬರು ಆಳು ಸಿಗ್ತಾರಾ ಅಂತ ಕೇಳಿದ. ಭಾನುವಾರ ನಾವು ನಾಲ್ಕು ಜನ ಹೋಗ್ತಾ ಇದ್ದೀವಿ. ಬರುವವರಿದ್ದರೆ ಏಳು ಗಂಟೆಗೆ ಸಂಕದ ಹತ್ರ ಸಿಗಿ. ಬೂಟು ಮರೀಬೇಡಿ.